ಶಾಲೆಯ ಹಾಡಿಗೆ ಮನೆಯ ಒಪ್ಪಿಗೆ

ಶಾಲೆಗೆ ಹೊಸದಾಗಿ ಬರುವ ಸಂಗೀತ ಶಿಕ್ಷಕರಿಗೆ ಎರಡು ತರಗತಿಗಳಿರುತ್ತವೆ. ಒಂದು ಮಕ್ಕಳದು. ಇನ್ನೊಂದು, ವೇಳಾಪಟ್ಟಿಯಲ್ಲಿ ಎಲ್ಲಿಯೂ ನಮೂದಾಗದ ಪಾಲಕರದು. ಮೊದಲನೆಯ ತರಗತಿ ಬೇಗ ಒಲಿಯುತ್ತದೆ. ನಾಲ್ಕು ದಿನ ಹಾರ್ಮೋನಿಯಂ ನುಡಿಸಿದರೆ ಮಕ್ಕಳು ತಾವಾಗಿಯೇ ಸುತ್ತ ನೆರೆಯುತ್ತಾರೆ. ಎರಡನೆಯ ತರಗತಿಯಲ್ಲಿ ಮಾತ್ರ ವರ್ಷಗಳೇ ಹಿಡಿಯುತ್ತವೆ. ‘ಹುಡುಗ ಸಾಲಿಗೆ ಬರೂದು ಓದಾಕ್ರೀ ಮಾಸ್ತರ, ಹಾಡಾಕಲ್ಲ’ ಎನ್ನುವ ಮಾತನ್ನು ಉತ್ತರ ಕರ್ನಾಟಕದ ಹಳ್ಳಿಯ ಶಿಕ್ಷಕರು ಕೇಳದೇ ಇರಲಿಕ್ಕಿಲ್ಲ.

ಜಮಖಂಡಿ ತಾಲ್ಲೂಕಿನ ತುಬಚಿಯಂಥ ಊರನ್ನೇ ತೆಗೆದುಕೊಳ್ಳಬಹುದು. ಕೃಷ್ಣೆಯ ದಂಡೆಯ ಈ ಗ್ರಾಮದ ಹೆಸರು ಇಂದು ಹೊರಗಿನವರಿಗೆ ಗೊತ್ತಿರುವುದು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ. ಸುತ್ತ ಕಬ್ಬಿನ ಸೀಮೆ. ತುಸು ದೂರದ ರಬಕವಿ–ಬನಹಟ್ಟಿಗಳಲ್ಲಿ ಮಗ್ಗದ ಸದ್ದು. ಆಚೆಗೆ ಮುಧೋಳ, ಬೀಳಗಿ. ಹಾಡಿಗೆ ಈ ಸೀಮೆಯಲ್ಲಿ ಎಂದೂ ಬರವಿಲ್ಲ. ರಾತ್ರಿಯಿಡೀ ನಡೆಯುವ ಭಜನೆ, ಡೊಳ್ಳಿನ ಪದ, ಹಂತಿಯ ಪದ, ಸೋಬಾನೆ, ಶ್ರೀಕೃಷ್ಣ ಪಾರಿಜಾತದಂಥ ಬಯಲಾಟ ಎಲ್ಲವೂ ಇಲ್ಲಿಯವೇ. ಭಜನೆಯಲ್ಲಿ ತಾಳ ಹಿಡಿದು ಬೆಳಗು ಮಾಡುವ ತಂದೆಯೇ ಮರುದಿನ ಮಗನ ಶಾಲೆಗೆ ಬಂದು ಹಾಡಿನ ಅಭ್ಯಾಸ ಬೇಡ ಎನ್ನುತ್ತಾನೆ. ಹಾಡನ್ನು ಇಷ್ಟೊಂದು ಪ್ರೀತಿಸುವ ನಾಡು ಹಾಡು ಕಲಿಸುವ ಮಾಸ್ತರರನ್ನು ಇಷ್ಟೊಂದು ಅನುಮಾನದಿಂದ ನೋಡಿದ್ದೇಕೆ? ಆ ಅನುಮಾನವನ್ನು ಹಿಂದಿನ ಗುರುಗಳು ಹೇಗೆ ಎದುರಿಸಿದರು? ಈ ಎರಡು ಪ್ರಶ್ನೆಗಳ ಉತ್ತರದಲ್ಲಿ ನೂರೈವತ್ತು ವರ್ಷಗಳ ಒಂದು ಸಾಮಾಜಿಕ ಚರಿತ್ರೆಯೇ ಅಡಗಿದೆ.

ಅಂಜಿಕೆಯ ಬೇರು

ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬೈ ಕರ್ನಾಟಕದ ಹುಡುಗನೊಬ್ಬ ‘ಹಾಡು ಕಲಿಯುತ್ತೇನೆ’ ಎಂದರೆ ಮನೆಯವರ ಕಣ್ಣ ಮುಂದೆ ಬರುತ್ತಿದ್ದುದು ನಾಟಕ ಕಂಪನಿ. ಶಿರಹಟ್ಟಿ, ಕೊಣ್ಣೂರು, ಗದಗ, ಹುಬ್ಬಳ್ಳಿಗಳಲ್ಲಿ ಹುಟ್ಟಿದ ಕಂಪನಿಗಳು ಊರಿಂದೂರಿಗೆ ಡೇರೆ ಹೂಡುತ್ತಿದ್ದವು. ಒಳ್ಳೆಯ ಕಂಠದ ಬಾಲಕರಿಗೆ ಅಲ್ಲಿ ಸದಾ ಬೇಡಿಕೆ. ಕಂಪನಿ ಸೇರಿದ ಹುಡುಗ ಶಾಲೆ ಬಿಡುತ್ತಿದ್ದ, ಊರು ಬಿಡುತ್ತಿದ್ದ. ಹೊಲದ ಕೆಲಸಕ್ಕೆ ಎರಡು ಕೈ ಕಡಿಮೆಯಾಗುತ್ತಿದ್ದವು. ಸ್ವರ ಒಡೆಯುವ ವಯಸ್ಸಿನಲ್ಲಿ ಕಂಠ ಕೆಟ್ಟರೆ ಆ ಹುಡುಗನ ಗತಿಯೇನು ಎಂಬ ಪ್ರಶ್ನೆಗೆ ಕಂಪನಿಯ ಬಳಿ ಉತ್ತರವಿರಲಿಲ್ಲ. ಪಾಲಕರ ಅಂಜಿಕೆಗೆ ಹೀಗೆ ಗಟ್ಟಿಯಾದ ಕಾರಣಗಳಿದ್ದವು. ಅದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವಂತಿಲ್ಲ.

ಆದರೆ ಅದೇ ಕಂಪನಿ ಹಲವರಿಗೆ ಪಾಠಶಾಲೆಯೂ ಆಯಿತು. 1910ರಲ್ಲಿ ಧಾರವಾಡದ ಬಳಿಯ ಮನ್ಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರು ಬಾಲಕನಾಗಿದ್ದಾಗಲೇ ರಂಗ ಹತ್ತಿದವರು. ಅವರ ಅಣ್ಣ ಬಸವರಾಜರೂ ರಂಗಭೂಮಿಯವರು. ನಾಟಕದಲ್ಲಿ ಈ ಬಾಲಕನ ಹಾಡು ಕೇಳಿದ ಅಪ್ಪಯ್ಯಸ್ವಾಮಿಗಳು ಮೊದಲು ಕರ್ನಾಟಕ ಸಂಗೀತ ಕಲಿಸಿದರು. ಬಳಿಕ ಮಿರಜದ ನೀಲಕಂಠಬುವಾ ಆಲೂರಮಠ ಅವರಲ್ಲಿ ಹಿಂದೂಸ್ತಾನಿ ಪಾಠವಾಯಿತು. ಮನೆಯಿಂದ ಕಂಪನಿಗೆ, ಕಂಪನಿಯಿಂದ ಗುರುವಿನ ಮನೆಗೆ ಸಾಗಿದ ಈ ದಾರಿಯಲ್ಲಿ ಅಣ್ಣನೇ ಪಾಲಕನ ಸ್ಥಾನದಲ್ಲಿ ನಿಂತಿದ್ದುದು ಗಮನಿಸತಕ್ಕ ಸಂಗತಿ. ಕಲೆಯ ಒಳಹೊರಗು ಬಲ್ಲವರೊಬ್ಬರು ಮನೆಯಲ್ಲಿದ್ದರೆ ಮಾಸ್ತರರ ಕೆಲಸ ಅರ್ಧ ಹಗುರವಾಗುತ್ತಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಅಂಜಿಕೆ ಇನ್ನೂ ಆಳವಾಗಿತ್ತು. ಆ ಕಾಲದಲ್ಲಿ ಸಭೆಯೆದುರು ಹಾಡುವ ಹೆಣ್ಣು ಒಂದೋ ದೇವದಾಸಿ ಪರಂಪರೆಗೆ ಸೇರಿದವಳು, ಇಲ್ಲವೇ ರಂಗಭೂಮಿಯವಳು ಎಂಬ ಕಲ್ಪನೆ ಗಟ್ಟಿಯಾಗಿತ್ತು. ಬೀಳಗಿಯಲ್ಲಿ ಹುಟ್ಟಿದ ಗೋಹರಬಾಯಿ ಮತ್ತು ಅಮೀರಬಾಯಿ ಸೋದರಿಯರ ಬದುಕು ಇದಕ್ಕೆ ಸಾಕ್ಷಿ. ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟಕಗಳಲ್ಲಿ ಹಾಡಿ ಹೆಸರಾದರು. ಅಮೀರಬಾಯಿ ಕರ್ನಾಟಕಿ ಮುಂಬೈ ಸೇರಿ ಹಿಂದೀ ಚಿತ್ರಗಳ ಗಾಯಕಿಯಾದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳು ಅವರನ್ನು ದೇಶದ ಮನೆಮಾತು ಮಾಡಿದವು. ಬೀಳಗಿಯಂಥ ಸಣ್ಣ ಊರಿನ ಕಂಠ ಇಡೀ ದೇಶಕ್ಕೆ ಮುಟ್ಟಿತು. ಆದರೆ ಅಂದಿನ ಸಾಮಾನ್ಯ ಗೃಹಸ್ಥ ಈ ಕೀರ್ತಿಯನ್ನು ಕಂಡು ‘ನನ್ನ ಮಗಳೂ ಹೀಗೆ ಹಾಡಲಿ’ ಎನ್ನುತ್ತಿರಲಿಲ್ಲ. ಅವನಿಗೆ ಕಾಣುತ್ತಿದ್ದುದು ಕೀರ್ತಿಗಾಗಿ ಆ ಸೋದರಿಯರು ಬಿಟ್ಟುಹೋಗಬೇಕಾಗಿ ಬಂದ ಊರು, ಕೇರಿ, ನೆಂಟಸ್ತಿಕೆ.

ಕುರುಂದವಾಡದಿಂದ ಲಾಹೋರಿಗೆ

ಈ ಅನುಮಾನವನ್ನು ಹೋಗಲಾಡಿಸುವುದೇ ತನ್ನ ಜೀವನದ ಕೆಲಸವೆಂದು ಹೊರಟವರು ಪಂಡಿತ ವಿಷ್ಣು ದಿಗಂಬರ ಪಲುಸ್ಕರರು. ಅವರು ಹುಟ್ಟಿದ್ದು 1872ರಲ್ಲಿ, ಕುರುಂದವಾಡದಲ್ಲಿ. ಜಮಖಂಡಿ, ಮಿರಜ, ಸಾಂಗಲಿಗಳಂತೆ ಅದೂ ಪಟವರ್ಧನ ಮನೆತನದ ಸಂಸ್ಥಾನ. ತುಬಚಿಯ ಮಗ್ಗುಲಲ್ಲಿ ಹರಿಯುವ ಕೃಷ್ಣೆಯೇ ಮೇಲೆ ಆ ಸೀಮೆಯನ್ನೂ ಹಾಯ್ದು ಬರುತ್ತಾಳೆ. ತಂದೆ ಕೀರ್ತನಕಾರರು. ಬಾಲ್ಯದಲ್ಲಿ ಪಟಾಕಿ ಸಿಡಿದು ಹುಡುಗನ ಕಣ್ಣಿಗೆ ಪೆಟ್ಟಾಯಿತು. ಓದು ಸಾಗದು ಎಂದಾದಾಗ ಮಿರಜ ಸಂಸ್ಥಾನದ ಆಶ್ರಯದಲ್ಲಿ ಬಾಲಕೃಷ್ಣಬುವಾ ಇಚಲಕರಂಜಿಕರರ ಬಳಿ ಸಂಗೀತ ಕಲಿಯಲು ಸೇರಿಸಲಾಯಿತು.

ಮಿರಜದಲ್ಲಿ ನಡೆದದ್ದೆನ್ನಲಾದ ಒಂದು ಘಟನೆಯನ್ನು ಅವರ ಶಿಷ್ಯ ಪರಂಪರೆಯವರು ಹೇಳುವುದುಂಟು. ಊರಿನ ಗಣ್ಯರ ಸಭೆಯೊಂದಕ್ಕೆ ವಿಷ್ಣು ದಿಗಂಬರರಿಗೆ ಕರೆ ಬಂದಿತ್ತು. ಅವರ ಗುರುಗಳಿಗೆ ಬಂದಿರಲಿಲ್ಲ. ಕೇಳಿದರೆ, ಹಾಡುವವರನ್ನು ಅಂಥ ಸಭೆಗೆ ಕರೆಯುವ ರೂಢಿಯಿಲ್ಲ ಎಂಬ ಉತ್ತರ ಬಂತಂತೆ. ಆ ನೋವಿನಿಂದಲೇ ಅವರು ಮಿರಜ ಬಿಟ್ಟರೆಂದು ಪ್ರತೀತಿ. ಉತ್ತರಕ್ಕೆ ಹೋಗಿ ಊರೂರು ಅಲೆದು, 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಆರಂಭದಲ್ಲಿ ವಿದ್ಯಾರ್ಥಿಗಳೇ ಬಾರದೆ, ಖಾಲಿ ಕೋಣೆಯಲ್ಲಿ ತಂಬೂರಿ ಹಿಡಿದು ತಾವೊಬ್ಬರೇ ಸಾಧನೆ ಮಾಡುತ್ತ ಕುಳಿತಿರುತ್ತಿದ್ದರೆಂಬ ಕತೆಯೂ ಇದೆ.

ಪಲುಸ್ಕರರ ಸಂಗೀತಕ್ಕಿಂತ ಅವರು ಪಾಲಕರೊಂದಿಗೆ ವ್ಯವಹರಿಸಿದ ಬಗೆ ಇಲ್ಲಿ ಮುಖ್ಯ. ಅದುವರೆಗೆ ಸಂಗೀತ ಕಲಿಯುವುದೆಂದರೆ ಉಸ್ತಾದರ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಿಕೊಂಡು ಬಿದ್ದಿರುವುದು. ಏನು ಕಲಿಸುತ್ತಾರೆ, ಎಷ್ಟು ದಿನಕ್ಕೆ ಮುಗಿಯುತ್ತದೆ ಎಂಬುದು ಮನೆಯವರಿಗೆ ತಿಳಿಯುತ್ತಿರಲಿಲ್ಲ. ಪಲುಸ್ಕರರು ಇದನ್ನು ಶಾಲೆಯ ಚೌಕಟ್ಟಿಗೆ ತಂದರು. ನಿಗದಿತ ಹೊತ್ತು, ನಿಗದಿತ ಪಾಠ, ಸ್ವರಲಿಪಿಯಲ್ಲಿ ಅಚ್ಚಾದ ಸಣ್ಣ ಪುಸ್ತಕಗಳು, ಪರೀಕ್ಷೆ, ವಾರ್ಷಿಕ ಸಮಾರಂಭ. ಶೃಂಗಾರದ ಸಾಹಿತ್ಯವಿದ್ದ ಚೀಜುಗಳ ಜಾಗದಲ್ಲಿ ಭಕ್ತಿಪದಗಳನ್ನು ಕೂರಿಸಿದರು. ಶಿಷ್ಯರ ನಡತೆ, ಉಡುಪು, ಊಟಗಳ ಮೇಲೂ ಕಟ್ಟುನಿಟ್ಟು ಇರಿಸಿದರು. ಹೆಣ್ಣುಮಕ್ಕಳಿಗೂ ಪಾಠದ ಏರ್ಪಾಟು ಮಾಡಿದರು. ತಂದೆಯೊಬ್ಬ ಬಾಗಿಲಲ್ಲಿ ನಿಂತು ನೋಡಿದರೆ ಒಳಗೆ ನಡೆಯುತ್ತಿರುವುದು ಏನೆಂದು ಅರ್ಥವಾಗಬೇಕು ಎಂಬುದು ಇವೆಲ್ಲದರ ಹಿಂದಿನ ಲೆಕ್ಕ.

ಈ ಲೆಕ್ಕದಲ್ಲಿ ನಷ್ಟವೂ ಇತ್ತು. ಶತಮಾನಗಳಿಂದ ಸಂಗೀತವನ್ನು ಉಳಿಸಿಕೊಂಡು ಬಂದಿದ್ದ ಉಸ್ತಾದರ ಮತ್ತು ಹಾಡುವ ಹೆಂಗಸರ ಮನೆತನಗಳು ‘ಮರ್ಯಾದಸ್ಥರ ಸಂಗೀತ’ದ ಅಂಗಳದಿಂದ ಹೊರಗೆ ಉಳಿದವೆಂದು ಇತ್ತೀಚಿನ ವಿದ್ವಾಂಸರು ಟೀಕಿಸಿದ್ದಾರೆ. ಆ ಟೀಕೆಯಲ್ಲಿ ಹುರುಳಿದೆ. ಆದರೂ ಮಧ್ಯಮ ವರ್ಗದ ಮನೆಗಳ ಬಾಗಿಲು ಸಂಗೀತಕ್ಕೆ ತೆರೆದದ್ದು ಈ ಮಾರ್ಗದಿಂದಲೇ. 1931ರಲ್ಲಿ ಪಲುಸ್ಕರರು ತೀರಿಕೊಂಡ ನಂತರ ಶಿಷ್ಯರು ಕಟ್ಟಿದ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳಿಗೆ ಉತ್ತರ ಕರ್ನಾಟಕದ ಮಕ್ಕಳು ಇಂದಿಗೂ ಕೂರುತ್ತಾರೆ.

ಮೈಸೂರಿನ ಆಕರ್ಷಣೆ, ಮಂಗಳೂರಿನ ಭಯ

ಇದೇ ಕಾಲದ ದಕ್ಷಿಣದಲ್ಲಿ ಪರಿಸ್ಥಿತಿ ಬೇರೆಯಿತ್ತು. 1881ರಲ್ಲಿ ಮೈಸೂರಿನಲ್ಲಿ ಆರಂಭವಾದ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತವೂ ಒಂದು ಪಾಠವಾಗಿತ್ತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಹಿಂಜರಿಯುತ್ತಿದ್ದ ಮೇಲ್ಜಾತಿಯ ಕುಟುಂಬಗಳಿಗೆ, ಮಗಳು ವೀಣೆ, ಹಾಡು, ಹೊಲಿಗೆ ಕಲಿಯುತ್ತಾಳೆ ಎಂಬುದು ಸಮಾಧಾನದ ಮಾತು. ಅರಮನೆಯ ಆಶ್ರಯ ಬೆನ್ನಿಗಿದ್ದುದರಿಂದ ಸಂಗೀತಕ್ಕೆ ಅಲ್ಲಿ ಗೌರವವಿತ್ತು. ಧಾರವಾಡ ಸೀಮೆಯಲ್ಲಿ ಪಾಲಕರನ್ನು ದೂರ ತಳ್ಳುತ್ತಿದ್ದ ಹಾಡು ಮೈಸೂರಿನಲ್ಲಿ ಅವರನ್ನು ಹತ್ತಿರ ಸೆಳೆಯಿತು. ಹಾಡಿಗೆ ತನ್ನದೇ ಆದ ಮಾನ ಅವಮಾನಗಳಿಲ್ಲ, ಅದರ ಹಿಂದೆ ಯಾರು ನಿಂತಿದ್ದಾರೆ ಎಂಬುದರ ಮೇಲೆ ಅವು ನಿಂತಿವೆ ಎಂಬುದಕ್ಕೆ ಇದು ನಿದರ್ಶನ.

ಇಂದಿನ ಅರ್ಥದ ಶಾಲಾ ಗಾಯನವೃಂದ, ಅಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಟ್ಟಾಗಿ ಹಾಡಿಸುವ ಪದ್ಧತಿ, ಕನ್ನಡ ನಾಡಿಗೆ ಬಂದದ್ದರಲ್ಲಿ ಬಾಸೆಲ್ ಮಿಶನ್ನಿನ ಪಾತ್ರ ದೊಡ್ಡದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಪಾದ್ರಿಗಳು 1837ರಲ್ಲಿ ಧಾರವಾಡದಲ್ಲಿ, ಅನಂತರ ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿ ಶಾಲೆಗಳನ್ನು ತೆರೆದರು. ಜರ್ಮನ್ ಕೀರ್ತನೆಗಳ ಧಾಟಿಗೆ ಕನ್ನಡ ಪದಗಳನ್ನು ಹೊಂದಿಸಿ ಹಾಡಿಸಿದರು. ಆದರೆ 1844ರಲ್ಲಿ ಆನಂದರಾಯ ಕೌಂಡಿನ್ಯ ಮತ್ತು ಇನ್ನಿಬ್ಬರು ತರುಣರು ಮಂಗಳೂರಿನಲ್ಲಿ ಕ್ರೈಸ್ತ ದೀಕ್ಷೆ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಪಾಲಕರು ಮಕ್ಕಳನ್ನು ಮಿಶನ್ ಶಾಲೆಯಿಂದ ಬಿಡಿಸಿಕೊಂಡರು. ಮಗು ಯಾವ ದೇವರ ಹಾಡನ್ನು ಹಾಡುತ್ತಿದೆ ಎಂದು ಪಾಲಕರು ಕಿವಿಗೊಟ್ಟು ಕೇಳುವ ಅಭ್ಯಾಸ ಅಂದಿನಿಂದಲೇ ಇದೆ. ಎಲ್ಲ ಧರ್ಮದ ಮಕ್ಕಳೂ ಒಂದೇ ಸಾಲಿನಲ್ಲಿ ನಿಲ್ಲುವ ಶಾಲೆಯಲ್ಲಿ ಯಾವ ಹಾಡನ್ನು ಆರಿಸಬೇಕು ಎಂಬುದು ಶಿಕ್ಷಕರು ಇಂದಿಗೂ ಎಚ್ಚರದಿಂದ ನಿರ್ಧರಿಸಬೇಕಾದ ಸಂಗತಿ.

ಬೆಳಗಾವಿಯ ಮಂಟಪದಲ್ಲಿ

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಹುಯಿಲಗೋಳ ನಾರಾಯಣರಾಯರು ಕನ್ನಡ ನಾಡಿನ ಉದಯವನ್ನು ಹಾರೈಸಿ ಬರೆದ ಗೀತೆ ಅಲ್ಲಿ ಮೊಳಗಿತು. ಸ್ವಾಗತ ಗೀತೆ ಹಾಡಲು ನಿಂತ ಬಾಲಕಿಯರಲ್ಲಿ ಹನ್ನೊಂದು ವರ್ಷದ ಒಬ್ಬಳು ಮುಂದೆ ಗಂಗೂಬಾಯಿ ಹಾನಗಲ್ ಎಂದು ಜಗತ್ಪ್ರಸಿದ್ಧಳಾದಳು.

ಸಭೆಯೆದುರು ಹುಡುಗಿಯರು ಹಾಡುವುದು ಗೌರವದ ಕೆಲಸ ಎಂಬ ಮಾತನ್ನು ಮನೆಮನೆಗೆ ಹೋಗಿ ಹೇಳಿದ್ದರೂ ಆಗದಿದ್ದುದನ್ನು ಆ ಒಂದು ವೇದಿಕೆ ಮಾಡಿತು. ರಾಷ್ಟ್ರದ ಕೆಲಸ ಎಂದೊಡನೆ ಹಾಡಿನ ಅರ್ಥ ಬದಲಾಯಿತು. ಅದರ ಹಿಂದಿನ ವರ್ಷ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಕಟ್ಟಿದ್ದ ಸೇವಾದಳದ ಕವಾಯತಿನಲ್ಲೂ ಸಾಮೂಹಿಕ ಗೀತೆಗಳಿದ್ದವು. ಪ್ರಭಾತಫೇರಿಗಳಲ್ಲಿ ಮಕ್ಕಳು ಹಾಡುತ್ತ ಬೀದಿ ಸುತ್ತಿದರು. ನಾಟಕದ ಹಾಡಿಗೆ ಬೇಡವೆಂದ ತಂದೆ ನಾಡಿನ ಹಾಡಿಗೆ ಹೂಂಗುಟ್ಟಿದ.

ಆದರೆ ಎಲ್ಲ ಅಳುಕೂ ಒಂದೇ ಹಾಡಿನಿಂದ ಕರಗುವುದಿಲ್ಲ. ಗಂಗೂಬಾಯಿಯವರು ಆ ದಿನವನ್ನು ನೆನೆಯುವಾಗ, ಗಾಂಧೀಜಿಯ ಎದುರು ಹಾಡುವ ಹೆದರಿಕೆಗಿಂತ, ತಮ್ಮ ಜಾತಿಯ ಕಾರಣದಿಂದ ಊಟದ ಹೊತ್ತಿನಲ್ಲಿ ಏನಾದೀತೋ ಎಂಬ ಅಂಜಿಕೆಯೇ ತಮ್ಮನ್ನು ಕಾಡಿತ್ತು ಎಂದಿದ್ದರು. ಧಾರವಾಡದ ಬೀದಿಯಲ್ಲಿ ನಡೆದುಹೋಗುವಾಗ ‘ಗಾನೇವಾಲಿ’ ಎಂಬ ಹಂಗಿಸುವ ಮಾತು ಕೇಳಿಸಿಕೊಂಡವರು ಅವರು. ಒಂದೇ ಸಾಲಿನಲ್ಲಿ ನಿಂತು ಒಂದೇ ಸ್ವರದಲ್ಲಿ ಹಾಡಿದ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಲ್ಲರೇ ಎಂಬುದು ಅಂದಿನ ಶಾಲೆಗಳ ನಿಜವಾದ ಪರೀಕ್ಷೆಯಾಗಿತ್ತು.

ತಾಯಿ ಬಿಟ್ಟುಕೊಟ್ಟ ಹಾಡು

ಗಂಗೂಬಾಯಿಯವರ ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಒಲವು ಹಿಂದೂಸ್ತಾನಿಯತ್ತ ಎಂದು ಅರಿತಾಗ, ತನ್ನ ಹಾಡು ಮಗಳ ಕಿವಿಯ ಮೇಲೆ ಬಿದ್ದು ಕಲಿಕೆ ಕೆಡದಿರಲೆಂದು ತನ್ನ ಹಾಡುಗಾರಿಕೆಯನ್ನೇ ನಿಲ್ಲಿಸಿದರು. 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದು ನೆಲೆಸಿದ್ದೂ ಮಗಳ ಪಾಠಕ್ಕಾಗಿ. ಅಲ್ಲಿ ಹುಲಗೂರ ಕೃಷ್ಣಾಚಾರ್ಯರ ಬಳಿ ಪಾಠ ಆರಂಭವಾಗಿ, ವರ್ಷದೊಳಗೆ ಅರವತ್ತು ಚೀಜುಗಳಾದವು. ಅಷ್ಟರಲ್ಲಿ ಸಂಭಾವನೆಯ ವಿಷಯಕ್ಕೆ ಮನೆಯವರಿಗೂ ಗುರುಗಳಿಗೂ ಭಿನ್ನಾಭಿಪ್ರಾಯ ಬಂದು ಪಾಠ ನಿಂತುಹೋಯಿತು. ಮುಂದೆ ಕುಂದಗೋಳದ ಸವಾಯಿ ಗಂಧರ್ವರು ದೊರೆತದ್ದು ಅವರ ಭಾಗ್ಯ, ನಾಡಿನದೂ ಸಹ.

ಈ ಪ್ರಸಂಗದಲ್ಲಿ ಯಾರ ಪಕ್ಷ ಸರಿ ಎಂದು ಇಂದು ತೂಗಬೇಕಿಲ್ಲ. ಗುರುವಿಗೂ ಹೊಟ್ಟೆಯಿದೆ, ಮನೆಗೂ ಮಿತಿಯಿದೆ. ಆದರೆ ಹಣದ ಮಾತನ್ನು ಮೊದಲೇ ಸ್ಪಷ್ಟವಾಗಿ ಆಡಿಕೊಳ್ಳದಿದ್ದರೆ ಮುರಿಯುವುದು ಮಗುವಿನ ಪಾಠ. ಗುರುದಕ್ಷಿಣೆ ಎಂಬ ಪೂಜ್ಯ ಶಬ್ದದ ಮರೆಯಲ್ಲಿ ಇಂಥ ಎಷ್ಟೋ ಜಗಳಗಳು ನಡೆದಿವೆ. ಶಾಲೆಯ ಗಾಯನವೃಂದದಲ್ಲಿ ಶುಲ್ಕವಿಲ್ಲದಿದ್ದರೂ ಬಿಳಿ ಅಂಗಿ, ಸ್ಪರ್ಧೆಯ ಊರಿಗೆ ಹೋಗುವ ಬಸ್ಸಿನ ಖರ್ಚು, ಮಧ್ಯಾಹ್ನದ ಬುತ್ತಿ ಇದ್ದೇ ಇರುತ್ತವೆ. ಕೂಲಿಯ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಕೇಳಲು ನಾಚಿ, ಮಗುವನ್ನೇ ಹಿಂದಕ್ಕೆ ಕರೆದುಕೊಳ್ಳುವ ತಾಯಂದಿರು ಇರುತ್ತಾರೆ.

ಅಂಗಿಯ ಮೇಲಿನ ವಿಳಾಸ

ಶಿಕ್ಷಕರೇ ಪಾಲಕರಾದಾಗ ಏನಾಗುತ್ತದೆ? ಭೀಮಸೇನ ಜೋಶಿಯವರ ಬಾಲ್ಯ ಇದಕ್ಕೆ ಉತ್ತರ. 1922ರಲ್ಲಿ ಹುಟ್ಟಿದ ಈ ಹುಡುಗನ ತಂದೆ ಗುರುರಾಜ ಜೋಶಿಯವರು ಗದುಗಿನ ಸೀಮೆಯಲ್ಲಿ ಶಾಲಾ ಮಾಸ್ತರರು. ಬೀದಿಯಲ್ಲಿ ಭಜನೆಯ ಮೇಳವೋ ಮೆರವಣಿಗೆಯೋ ಹೊರಟರೆ ಮಗ ಅದರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ. ದಣಿದಲ್ಲಿ ನಿದ್ದೆ ಹೋಗುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ, ಈತ ಜೋಶಿ ಮಾಸ್ತರರ ಮಗ ಎಂದು ಹುಡುಗನ ಅಂಗಿಯ ಮೇಲೆಯೇ ಬರೆದುಬಿಟ್ಟರಂತೆ. ಕಂಡವರು ಮನೆಗೆ ಮುಟ್ಟಿಸುತ್ತಿದ್ದರು. ಹೊಡೆದು ಕೂಡಿಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಆದರೂ 1933ರಲ್ಲಿ ಹನ್ನೊಂದರ ಹುಡುಗ ಗುರುವನ್ನು ಅರಸಿ ಮನೆ ಬಿಟ್ಟು ರೈಲು ಹತ್ತಿದ. ಗ್ವಾಲಿಯರ್ ಮುಂತಾಗಿ ಅಲೆದು ಜಲಂಧರ ಸೇರಿದ. ತಂದೆ ಅಲ್ಲಿಯವರೆಗೂ ಹೋಗಿ ಕರೆತಂದರು. ಆಮೇಲೆ ಮಗನನ್ನು ಬಲವಂತವಾಗಿ ಪುಸ್ತಕದ ಮುಂದೆ ಕೂರಿಸಲಿಲ್ಲ. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಅವನನ್ನು ಶಿಷ್ಯನಾಗಿ ಸ್ವೀಕರಿಸಿದರು. ನಿರಾಕರಿಸಿದರೆ ಮಗನನ್ನೇ ಕಳೆದುಕೊಳ್ಳಬೇಕಾದೀತು ಎಂಬುದನ್ನು ಆ ಮಾಸ್ತರರು ತಿಳಿದಿದ್ದರು. ಇದೇ ಕಾಲದಲ್ಲಿ ಬೆಳಗಾವಿ ಬಳಿಯ ಸುಳೇಭಾವಿಯ ಸಿದ್ಧರಾಮಯ್ಯನವರು ಬಾಲಪ್ರತಿಭೆ ಎಂದು ಹೆಸರಾಗಿದ್ದ ತಮ್ಮ ಮಗ ಶಿವಪುತ್ರನನ್ನು ಮುಂಬೈಯ ಪ್ರೊ. ಬಿ. ಆರ್. ದೇವಧರರ ಸಂಗೀತ ಶಾಲೆಗೆ ಒಪ್ಪಿಸಿದರು. ಆ ಮಗುವೇ ಕುಮಾರ ಗಂಧರ್ವ.

ಮಠದ ಬಾಗಿಲು

ಬಡವರ ಮಕ್ಕಳಿಗೆ, ಅದರಲ್ಲೂ ಅಂಧ ಮಕ್ಕಳಿಗೆ, ಈ ಯಾವ ದಾರಿಯೂ ಇರಲಿಲ್ಲ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕ ಗದಿಗಯ್ಯನ ಕಂಠವನ್ನು ಗುರುತಿಸಿ ಕೈಹಿಡಿದವರು ಹಾನಗಲ್ಲ ಕುಮಾರಸ್ವಾಮಿಗಳು. ಆತನೇ ಗಾನಯೋಗಿ ಪಂಚಾಕ್ಷರ ಗವಾಯಿ. ತಮಗೆ ದೊರೆತದ್ದನ್ನು ಇತರ ಮಕ್ಕಳಿಗೆ ಕೊಡಲು ಹೊರಟ ಪಂಚಾಕ್ಷರ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದರು. ಅಂಧ ಬಾಲಕ ಪುಟ್ಟಯ್ಯನನ್ನು ಅವನ ಸೋದರಮಾವ ತಂದು ಅವರಿಗೆ ಒಪ್ಪಿಸಿದರು. ಆ ಬಾಲಕ ಮುಂದೆ ಪಂ. ಪುಟ್ಟರಾಜ ಗವಾಯಿ ಎಂದು ಹೆಸರಾಗಿ, 2010ರಲ್ಲಿ ಕೊನೆಯುಸಿರೆಳೆಯುವವರೆಗೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಾವಿರಾರು ಮಕ್ಕಳಿಗೆ ಆಸರೆಯಾದರು.

ಪುಣ್ಯಾಶ್ರಮ ಪಾಲಕರಿಗೆ ಕೊಟ್ಟ ಭರವಸೆ ಸರಳವಾದದ್ದು. ಮಗುವಿಗೆ ಅನ್ನವಿದೆ, ವಸತಿಯಿದೆ, ವಿದ್ಯೆಯಿದೆ, ಜಾತಿ ಮತ ಕೇಳುವುದಿಲ್ಲ, ಹಣ ಕೇಳುವುದಿಲ್ಲ. ‘ಕಣ್ಣಿಲ್ಲದ ಕೂಸು ಮುಂದ ಏನ ಮಾಡೀತು’ ಎಂದು ಅಳುತ್ತಿದ್ದ ತಾಯಿಗೆ, ಸಂಗೀತ ಕಲಿತು ಅವನು ತನ್ನ ಕಾಲ ಮೇಲೆ ನಿಲ್ಲುತ್ತಾನೆ ಎಂಬ ಉತ್ತರ ಅಲ್ಲಿ ಸಿಕ್ಕಿತು. ಪುಣ್ಯಾಶ್ರಮದಲ್ಲಿ ಕಲಿತವರು ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ತಬಲಾ ವಾದಕರಾಗಿ ನೆಲೆ ನಿಂತಿದ್ದಾರೆ. ಹಾಡಿನಿಂದ ಹೊಟ್ಟೆ ತುಂಬೀತೇ ಎಂಬ ಪಾಲಕರ ಹಳೆಯ ಪ್ರಶ್ನೆಗೆ ಅವರ ಬದುಕೇ ಉತ್ತರ.

ಪ್ರಮಾಣಪತ್ರ, ರೇಡಿಯೊ, ಕ್ಯಾಸೆಟ್

1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಸೀಮೆ ಕನ್ನಡ ರಾಜ್ಯ ಸೇರಿತು. 1997ರಲ್ಲಿ ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾಯಿತು. ಸಂಸ್ಥಾನದ ಕಾಲದಲ್ಲಿ ದರಬಾರಿನ ಭಾಷೆ ಮರಾಠಿ, ಮನೆಯ ಭಾಷೆ ಕನ್ನಡ. ಭಜನೆಗಳಲ್ಲಿ ಎರಡೂ ಬೆರೆತಿದ್ದವು. ಏಕೀಕರಣದ ನಂತರ ಶಾಲೆಗಳಲ್ಲಿ ವಚನ, ದಾಸರ ಪದ, ಕನ್ನಡ ಕವಿಗಳ ಗೀತೆಗಳು ನೆಲೆಗೊಂಡವು. ಮಗು ಶಾಲೆಯಲ್ಲಿ ಕಲಿತ ಹಾಡನ್ನು ಅಜ್ಜಿಯೂ ಅರ್ಥ ಮಾಡಿಕೊಳ್ಳುವಂತಾಯಿತು.

1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಮಾಸ್ತರರಿಗೆ ದೊಡ್ಡ ಬೆಂಬಲವಾಯಿತು. ರೇಡಿಯೊದಲ್ಲಿ ಶಾಲಾ ಮಕ್ಕಳ ಹಾಡು ಬರುವುದಿದೆ ಎಂದರೆ ಪಂಚಾಯಿತಿಯ ಕಟ್ಟೆಯ ಮೇಲೆ ಊರೇ ಸೇರುವ ಕಾಲವದು. 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಂದ ಮೇಲೆ ಭಾವಗೀತೆಗಳ ಕ್ಯಾಸೆಟ್ಟುಗಳು ಹಳ್ಳಿಗೂ ಮುಟ್ಟಿದವು. ಸಂಗೀತ ಶಿಕ್ಷಕರಿಲ್ಲದ ಶಾಲೆಯಲ್ಲಿಯೂ ಉತ್ಸಾಹಿ ಕನ್ನಡ ಮಾಸ್ತರರೊಬ್ಬರು ಟೇಪ್‌ರೆಕಾರ್ಡರ್ ಇಟ್ಟು ಮಕ್ಕಳಿಗೆ ಹಾಡು ಕಲಿಸಬಹುದಾಯಿತು. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಸಂಗೀತ ಪರೀಕ್ಷೆಗಳೂ ಜನಪ್ರಿಯವಾದವು. ಅಂಕಪಟ್ಟಿ ಎಂಬುದು ಪಾಲಕರು ಚೆನ್ನಾಗಿ ಓದಬಲ್ಲ ಭಾಷೆ. ಮಗ ಎಷ್ಟು ಚೆನ್ನಾಗಿ ಹಾಡುತ್ತಾನೆಂದು ತಿಳಿಯದ ತಂದೆಗೂ ಪ್ರಥಮ ದರ್ಜೆ ಎಂಬುದು ತಿಳಿಯುತ್ತದೆ.

ಇಂದಿನ ಪಾಲಕರ ಸಭೆ

ಇಂದು ಹಾಡುವುದು ಅವಮಾನ ಎನ್ನುವವರು ಕಡಿಮೆ. ಟಿ.ವಿ.ಯ ಗಾಯನ ಸ್ಪರ್ಧೆಗಳನ್ನು ಕಂಡ ಪಾಲಕರಲ್ಲಿ ಕೆಲವರು ಮಗುವನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿ ಎಂದು ಒತ್ತಾಯಿಸುವುದೂ ಉಂಟು. ಹಳೆಯ ಅಂಜಿಕೆಯ ಜಾಗಕ್ಕೆ ಬೇರೆ ಅಂಜಿಕೆಗಳು ಬಂದಿವೆ. ಎಸ್ಸೆಸ್ಸೆಲ್ಸಿ ಅಂಕ ಕಡಿಮೆಯಾದೀತು, ಅಭ್ಯಾಸ ಮುಗಿದು ಮನೆಗೆ ಬರುವಾಗ ಕತ್ತಲಾದೀತು. ಹೆಣ್ಣುಮಗು ದೊಡ್ಡವಳಾದೊಡನೆ ಹಾಡು ಬಿಡಿಸುವ ಮನೆಗಳು ಇನ್ನೂ ಇವೆ. ನೇಕಾರರ ಮನೆಯಲ್ಲಿ ಸಂಜೆ ಕಂಡಿಕೆ ಸುತ್ತಲು ಮಗುವಿನ ಕೈ ಬೇಕು. ಕಬ್ಬಿನ ಕಟಾವಿನ ಕಾಲದಲ್ಲಿ ಹೊಲಕ್ಕೆ ಬುತ್ತಿ ಒಯ್ಯಬೇಕು. ಕೃಷ್ಣೆಗೆ ಮಹಾಪೂರ ಬಂದಾಗ, 2019ರಲ್ಲಿ ಆದಂತೆ, ನದಿದಂಡೆಯ ಊರುಗಳ ಶಾಲೆಗಳೇ ಕಾಳಜಿ ಕೇಂದ್ರಗಳಾಗುತ್ತವೆ.

ಶಿಕ್ಷಕರಿಗೆ ಪಾಲಕರನ್ನು ಮುಟ್ಟುವ ಅಧಿಕೃತ ದಾರಿಗಳು ಮಾತ್ರ ಹೆಚ್ಚಿವೆ. 2001ರಲ್ಲಿ ರಾಜ್ಯದ ಸರಕಾರಿ ಶಾಲೆಗಳಲ್ಲಿ ರಚನೆಯಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ಪಾಲಕರನ್ನೇ ಶಾಲೆಯ ಆಡಳಿತದೊಳಗೆ ತಂದವು. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳು ಹಳ್ಳಿಯ ಮಕ್ಕಳನ್ನು ತಾಲ್ಲೂಕು, ಜಿಲ್ಲೆಯ ವೇದಿಕೆಗೆ ಒಯ್ಯುತ್ತವೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಗಳು ಕಡ್ಡಾಯ ವಿಷಯವಾಗಬೇಕೆಂದು ಶಿಫಾರಸು ಮಾಡಿತು. ಆದರೆ ಶಿಫಾರಸು ಬೇರೆ, ಶಾಲೆಯಲ್ಲ ಒಬ್ಬ ಸಂಗೀತ ಶಿಕ್ಷಕ ಇರುವುದು ಬೇರೆ. ಎಷ್ಟೋ ಶಾಲೆಗಳಲ್ಲಿ ಗಣಿತವನ್ನೋ ಕನ್ನಡವನ್ನೋ ಕಲಿಸುವವರೇ ಹಾಡನ್ನೂ ನೋಡಿಕೊಳ್ಳಬೇಕು. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೆಂದು 2022ರಲ್ಲಿ ಸರಕಾರ ನಿಗದಿಪಡಿಸಿದಾಗ, ಅದನ್ನು ಮಕ್ಕಳಿಗೆ ಹೇಳಿಕೊಟ್ಟವರಲ್ಲಿ ಹೆಚ್ಚಿನವರು ಇಂಥವರೇ.

ಹಾಗಾದರೆ ಹೊಸ ಶಿಕ್ಷಕ ಅಥವಾ ಅಕ್ಕೋರು ಈ ಚರಿತ್ರೆಯಿಂದ ಏನು ಕಲಿಯಬಹುದು? ಪಲುಸ್ಕರರಿಂದ, ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಬಾಗಿಲು ತೆರೆದು ತೋರಿಸುವುದನ್ನು. ಯಾವ ದಿನ ಅಭ್ಯಾಸ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಯಾವ ಹಾಡು, ಏನು ಖರ್ಚು ಎಂಬ ನಾಲ್ಕು ಸಾಲಿನ ಚೀಟಿ ಮೊದಲ ವಾರವೇ ಮನೆ ಸೇರಿದರೆ ಅರ್ಧ ಅನುಮಾನ ಕಳೆಯುತ್ತದೆ. ಓದಲು ಬಾರದ ತಾಯಿಗೆ ಚೀಟಿ ಸಾಲದು, ಅಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತು ಆಡುವ ಮಾತೇ ಬೇಕು. ಹುಬ್ಬಳ್ಳಿಯ ಸಂಭಾವನೆಯ ಪ್ರಸಂಗದಿಂದ, ಹಣದ ಮಾತನ್ನು ಮುಚ್ಚಿಡಬಾರದೆಂಬುದನ್ನು. ಬೆಳಗಾವಿಯಿಂದ, ಯಾವ ಮಗುವನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದನ್ನು ಊರು ನೋಡುತ್ತಿರುತ್ತದೆ ಎಂಬುದನ್ನು. ಮುಂದಿನ ಸಾಲು ಗೌಡರ ಮಕ್ಕಳಿಗೂ ಹಿಂದಿನ ಸಾಲು ಕೇರಿಯ ಮಕ್ಕಳಿಗೂ ಆದರೆ ಎಷ್ಟು ಇಂಪಾಗಿ ಹಾಡಿದರೂ ಆ ಮೇಳ ಬೇಸುರಾಗಿಯೇ ಕೇಳುತ್ತದೆ.

ಜೋಶಿ ಮಾಸ್ತರರಿಂದ ಕಲಿಯಬೇಕಾದುದು ಬಹುಶಃ ಎಲ್ಲಕ್ಕಿಂತ ಕಠಿಣ. ದೂರು ಹೇಳಲಷ್ಟೇ ಪಾಲಕರನ್ನು ಶಾಲೆಗೆ ಕರೆಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಶಾಲೆಯಿಂದ ಕರೆ ಬಂತೆಂದರೆ ಮಗ ಏನೋ ಕಿತಾಪತಿ ಮಾಡಿದ್ದಾನೆ ಎಂದೇ ತಂದೆ ಬೆತ್ತ ಹುಡುಕುತ್ತಾನೆ. ಗಣಿತದಲ್ಲಿ ಸೋತು ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುವ ಹುಡುಗನ ಸ್ವರ ಶುದ್ಧವಾಗಿದೆ ಎಂಬ ಒಳ್ಳೆಯ ಸುದ್ದಿಯನ್ನು ಹೇಳಲು ಮಾಸ್ತರರು ಮನೆಯವರೆಗೆ ಹೋದರೆ ಆ ಮನೆಯಲ್ಲಿ ಅವನ ಸ್ಥಾನವೇ ಬದಲಾಗಬಹುದು. ಅವನು ಭೀಮಸೇನ ಜೋಶಿ ಆಗಬೇಕಿಲ್ಲ. ಅಪ್ಪನ ಭಜನೆಯ ಮೇಳದಲ್ಲಿ ಒಂದು ಪದಕ್ಕೆ ಮುಮ್ಮೇಳ ನಿಂತರೂ ಸಾಕು.

ಈ ಸೀಮೆಯ ಶಿಕ್ಷಕರಿಗೆ ಹಿಂದಿನವರಿಗಿಲ್ಲದ ಅನುಕೂಲವೂ ಒಂದಿದೆ. ಪಾಲಕರಲ್ಲಿ ಅನೇಕರು ಸ್ವತಃ ಹಾಡುವವರು. ಅವರ ತಾಳದ ಲೆಕ್ಕ ತಪ್ಪುವುದಿಲ್ಲ. ವರ್ಷದಲ್ಲಿ ಒಂದು ದಿನ ಊರಿನ ಭಜನಾ ಮೇಳದವರನ್ನು, ಸೋಬಾನೆ ಹಾಡುವ ಅಜ್ಜಿಯರನ್ನು ಶಾಲೆಗೆ ಕರೆದು ಮಕ್ಕಳಿಗೆ ಒಂದೊಂದು ಪದ ಕಲಿಸಲು ಕೇಳಿಕೊಂಡರೆ, ಅಂದು ಪಾಲಕರೇ ಗುರುಗಳಾಗುತ್ತಾರೆ. ಆಮೇಲೆ ನಡೆಯುವ ಪಾಲಕರ ಸಭೆಯಲ್ಲಿ, ಹಾಡು ಯಾಕೆ ಬೇಕು ಎಂಬ ಪ್ರಶ್ನೆಗೆ ಮಾಸ್ತರರೊಬ್ಬರೇ ಉತ್ತರ ಕೊಡಬೇಕಾದ ಪ್ರಸಂಗ ಬರಲಾರದು.